ಸಿಕಂದರಾಬಾದಿನ ಡೋರನ್ನರು

ಡೋರನ್ ಎಂಬ ಹೆಸರು ಯಂಕಮ್ಮನ ಕಿವಿಗೆ ಮತ್ತೆ ಬಿದ್ದದ್ದು ಹೈದರಾಬಾದಿನ ಕೂಕಟ್‌ಪಲ್ಲಿಯ ಫ್ಲ್ಯಾಟೊಂದರ ಅಡುಗೆಮನೆಯಲ್ಲಿ, ಅವಳು ಹೀರೇಕಾಯಿ ಹೆರೆಯುತ್ತಿದ್ದಾಗ. ಆ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದ ಪೂರ್ವಿ ಮೈಸೂರಿನ ಹುಡುಗಿ. ಮಾದಾಪುರದ ಒಂದು ಕಂಪನಿಯಲ್ಲಿ ಕೆಲಸ. ಅವತ್ತು ಜ್ವರ ಬಂದು ರಜೆ ಹಾಕಿ ಮಲಗಿದ್ದಳು. ಮೊಬೈಲಿನಲ್ಲೇ ಮಾತ್ರೆಗೆ ಹೇಳಿದ್ದಳು. ತರುವವನ ಹೆಸರು ಪರದೆಯ ಮೇಲೆ ಮೂಡಿದಾಗ ಅವಳಿಗೆ ನಗು ಬಂತು.

"ಕಾಶಿನಾಥ ಡೋರನ್ ಅಂತೆ ಯಂಕಮ್ಮಾ," ಎಂದು ಒಳಗೆ ಕೇಳುವಂತೆ ಹೇಳಿದಳು. "ಹೆಸರು ನಿಮ್ಮ ಕಡೇದು, ಸರ್‌ನೇಮ್ ಯಾವ ದೇಶದ್ದೋ."

ಸ್ವಲ್ಪ ಹೊತ್ತಿಗೆ ಯಂಕಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಆ ಹೆಸರು ಇನ್ನೊಮ್ಮೆ ಹೇಳಬೇಕೆಂದು ಕೇಳಿದಳು. ಪೂರ್ವಿ ಹೇಳಿದಳು. ಯಂಕಮ್ಮ ಅಲ್ಲೇ ಗೋಡೆಗೆ ಆತು ನೆಲಕ್ಕೆ ಕೂತುಬಿಟ್ಟಳು.

ಯಂಕಮ್ಮ ಯಾದಗಿರಿ ಜಿಲ್ಲೆಯ ಗುರುಮಠಕಲ್ ಸೀಮೆಯವಳು. ಮದುವೆಯಾದ ವರ್ಷವೇ ಗಂಡ ಹಂಪಯ್ಯನ ಜೊತೆ ಹೈದರಾಬಾದಿಗೆ ದುಡಿಯಲು ಬಂದಿದ್ದಳು. ಆಗ ಮಾದಾಪುರದಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸಲು ಶುರುಮಾಡಿದ್ದ ಕಾಲ. ಅವನು ಸಾರವೆ ಕಟ್ಟುತ್ತಿದ್ದ, ಅವಳು ಮಣ್ಣಿನ ಬುಟ್ಟಿ ಹೊರುತ್ತಿದ್ದಳು. ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲೇ ಗಂಡುಮಗು ಹುಟ್ಟಿತು. ಊರಿಗೆ ಹೋಗಿ ತೊಟ್ಟಿಲಿಗೆ ಹಾಕಿ ಹೆಸರಿಡೋಣ ಎಂದು ಹಂಪಯ್ಯನ ಆಸೆ. ಅಲ್ಲಿಯವರೆಗೆ ಅದಕ್ಕೆ ಕೂಸು ಎಂಬುದೇ ಹೆಸರಾಗಿತ್ತು. ಊರಿಗೆ ಹೋಗುವುದರೊಳಗೆ ಹಂಪಯ್ಯ ಸಾರವೆಯಿಂದ ಬಿದ್ದು ತೀರಿಕೊಂಡ.

ಅದಾದ ಮೇಲೆ ಯಂಕಮ್ಮನಿಗೆ ಕೆಮ್ಮು ಹತ್ತಿತು. ಕೆಮ್ಮಿದರೆ ಸೆರಗಿಗೆ ರಕ್ತ ಮೆತ್ತುತ್ತಿತ್ತು. ಆಸ್ಪತ್ರೆಯಲ್ಲಿ ಎದೆರೋಗ, ಕ್ಷಯ ಎಂದರು, ಬಹಳ ದಿನ ಒಳಗೇ ಇರಬೇಕು ಎಂದರು, ಕೂಸನ್ನು ಮೈಗೆ ಹತ್ತಿರ ಇಟ್ಟುಕೊಳ್ಳಬೇಡ ಎಂದರು. ಜೊತೆಗೆ ಬುಟ್ಟಿ ಹೊರುತ್ತಿದ್ದ ತೆಲುಗು ಹೆಂಗಸೊಬ್ಬಳು ಅವಳನ್ನು ಸಿಕಂದರಾಬಾದಿನ ಒಂದು ಚರ್ಚಿನ ಹಿಂದಿದ್ದ ಮಕ್ಕಳ ಮನೆಗೆ ಕರೆದುಕೊಂಡು ಹೋದಳು. ಮಳೆ ಹನಿಯುತ್ತಿತ್ತು. ಎತ್ತರದ ಬಿಳಿಯ ಹೆಂಗಸೊಬ್ಬರು ಕೊಡೆ ಹಿಡಿದು ಗೇಟಿಗೆ ಬಂದರು. ಡೋರನ್ ಅಮ್ಮ ಎಂದು ಅಲ್ಲಿನವರು ಅವರನ್ನು ಕರೆಯುತ್ತಿದ್ದರು. ಕೂಸಿನ ಹೆಸರು ಕೇಳಿದರು, ಇಲ್ಲ ಎಂದಳು ಯಂಕಮ್ಮ. ತಂದೆಯ ಹೆಸರನ್ನು ಜೊತೆಗಿದ್ದವಳು ಹೇಳಿದಳು. ಕನ್ನಡ ಬಲ್ಲ ಆಯಾ ಒಬ್ಬಳು ಬಂದು ಕೂಸನ್ನು ಎತ್ತಿಕೊಂಡಳು. ಗುಣವಾದ ಕೂಡಲೇ ಬಂದು ಕರಕೊಂಡು ಹೋಗುತ್ತೇನೆ ಎಂದು ಯಂಕಮ್ಮ ಅವಳಿಗೆ ಹೇಳಿ ಬಂದಿದ್ದಳು.

ಅವಳು ಗುಣವಾಗಲಿಲ್ಲ. ಅಣ್ಣ ಅಮರಯ್ಯ ಬಂದು, ಸಾಯುವುದಾದರೆ ಊರಲ್ಲೇ ಸಾಯಲಿ ಎಂದು ಕರೆದೊಯ್ದ. ಊರಲ್ಲಿ ಅವಳು ಸಾಯಲಿಲ್ಲ. ಎದ್ದು ಓಡಾಡುವಷ್ಟಾಗಲು ವರ್ಷದ ಮೇಲಾಯಿತು. ಎದ್ದವಳೇ ಅಣ್ಣನಿಗೆ ಕೂಸನ್ನು ತಾ ಎಂದಳು. ಅಮರಯ್ಯ ಹೈದರಾಬಾದಿಗೆ ಹೋಗಿ ಒಬ್ಬನೇ ವಾಪಸು ಬಂದ. ಪರದೇಶದ ಸಾಹುಕಾರರು ಕೂಸನ್ನು ಸಾಕಿಕೊಂಡಿದ್ದಾರೆ, ಸುಖವಾಗಿದೆ, ನಾವು ಅಡ್ಡ ಬರಬಾರದು ಎಂದ. ಯಂಕಮ್ಮ ಅದನ್ನು ನಂಬಿದಳು. ನಂಬದಿದ್ದರೆ ಬದುಕುವುದು ಆಗುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಮರಯ್ಯ ತೀರಿಕೊಂಡಾಗ ಅತ್ತಿಗೆ ಒಂದು ಮಾತು ಬಿಟ್ಟಳು: ಕೂಸು ಪರದೇಶಕ್ಕೆ ಹೋಗಿದ್ದು ಸುಳ್ಳಂತೆ, ಅವರೇ ಒಮ್ಮೆ ಅಂದಿದ್ದರು, ಮುಂದೆ ಕೇಳಿದರೆ ಹೇಳಲಿಲ್ಲ.

ಅಷ್ಟು ಸಾಕಾಯಿತು ಅವಳಿಗೆ. ಗಂಟು ಕಟ್ಟಿಕೊಂಡು ಹೈದರಾಬಾದಿಗೆ ಬಂದಳು. ಮಕ್ಕಳ ಮನೆ ಇದ್ದ ಜಾಗದಲ್ಲಿ ಈಗ ಮದುವೆಯ ಛತ್ರ ಎದ್ದಿತ್ತು. ಚರ್ಚಿನ ಗೇಟಿನ ಕಾವಲಿನವನಿಂದ ಹಿಡಿದು ಸಿಕ್ಕವರನ್ನೆಲ್ಲ ಡೋರನ್ ಅಮ್ಮ ಎಲ್ಲಿ ಎಂದು ಕೇಳಿದಳು, ಎಲ್ಲರೂ ಹೊಸಬರು, ಯಾರಿಗೂ ತಿಳಿಯಲಿಲ್ಲ. ಕೂಕಟ್‌ಪಲ್ಲಿಯಲ್ಲಿ ಅಡುಗೆ ಕೆಲಸ ಹಿಡಿದು ಉಳಿದಳು.

ಮಾತ್ರೆ ತಂದವನು ಸಣ್ಣಗೆ, ಎತ್ತರವಾಗಿ, ಕಪ್ಪಗಿದ್ದ. ಹೆಸರಿನ ಬಗ್ಗೆ ಕೇಳಿದ ಕೂಡಲೇ ಅವನ ಮುಖದಲ್ಲಿ ಬೇಸರ ಕಾಣಿಸಿತು. ದಾರಿಯಲ್ಲಿ ಗಾಡಿ ನಿಲ್ಲಿಸುವ ಪೊಲೀಸರಿಂದ ಹಿಡಿದು ಮನೆ ಬಾಡಿಗೆಗೆ ಕೊಡುವವರವರೆಗೆ ಎಲ್ಲರೂ ಅವನನ್ನು ಅದನ್ನೇ ಕೇಳಿದವರು. ಆದರೆ ಬಾಗಿಲಲ್ಲಿ ನಿಂತಿದ್ದ ಹೆಂಗಸು ತನ್ನ ಮುಖವನ್ನೇ ಹುಡುಕುವಂತೆ ನೋಡುತ್ತಿರುವುದನ್ನು ಕಂಡ. ಪೂರ್ವಿ ಆಗಷ್ಟೇ ಯಂಕಮ್ಮನಿಂದ ಕೇಳಿದ್ದನ್ನು ತನಗೆ ಬರುವ ಹಿಂದಿಯಲ್ಲಿ ತಿಳಿಸಿದಳು. ಅವನು ಹೆಲ್ಮೆಟ್ಟು ತೆಗೆದು ಮೆಟ್ಟಿಲ ಮೇಲೆ ಕೂತ. ಮುಂದಿನ ಆರ್ಡರಿಗೆ ಮೊಬೈಲು ಕಿರುಗುಟ್ಟುತ್ತಿತ್ತು, ಅದನ್ನು ಬಂದ್ ಮಾಡಿದ.

ಅವನು ಹೇಳಿದ್ದು ಇಷ್ಟು. ಮಕ್ಕಳ ಮನೆಯ ಸಿಸ್ಟರ್ ಬ್ರಿಜಿಡ್ ಡೋರನ್ ಐರ್ಲೆಂಡಿನವರು. ಶಾಲೆಗೆ ಸೇರಿಸುವಾಗ ಮಕ್ಕಳ ಮನೆತನದ ಹೆಸರು ಕೇಳುತ್ತಿದ್ದರು. ಯಾವ ಮಗುವಿನ ಹಿಂದೆ ಯಾರೂ ಇರಲಿಲ್ಲವೋ ಅದಕ್ಕೆ ಸಿಸ್ಟರ್ ತಮ್ಮದನ್ನೇ ಹಚ್ಚಿಬಿಡುತ್ತಿದ್ದರು. ಹಾಗಾಗಿ ಈ ಊರಿನಲ್ಲಿ ಡೋರನ್ ಎಂದು ಇರುವವರೆಲ್ಲ, ಅವನಿಗೆ ಗೊತ್ತಿದ್ದ ಮಟ್ಟಿಗೆ, ಆ ಮನೆಯಲ್ಲಿ ಬೆಳೆದವರೇ. ಒಬ್ಬರಿಗೊಬ್ಬರು ರಕ್ತಸಂಬಂಧವಿಲ್ಲ. ಐರ್ಲೆಂಡಿಗೂ ಸಂಬಂಧವಿಲ್ಲ.

ಭಾನುವಾರ ಮಧ್ಯಾಹ್ನ ಸಿಸ್ಟರ್ ಮಕ್ಕಳನ್ನು ಕೂರಿಸಿಕೊಂಡು ಆ ಹೆಸರಿನ ಕಥೆ ಹೇಳುತ್ತಿದ್ದರಂತೆ. ಹಿಂದೆ ಅದನ್ನು ಓ ಡೋರಾನ್ ಎನ್ನುತ್ತಿದ್ದರು. ಆ ಮನೆತನದವರು ಲೀಷ್ ಎಂಬ ಸೀಮೆಯಲ್ಲಿ ರಾಜರಿಗೆ ನ್ಯಾಯ ಹೇಳುವವರಾಗಿದ್ದರು. ಯುದ್ಧಗಳಾಗಿ ನೆಲ ಹೋಯಿತು. ಬಹಳ ಜನ ಸಮುದ್ರದ ಕಡೆಯ ವೆಕ್ಸ್‌ಫರ್ಡಿಗೆ ಸರಿದರು. ಬಡಗಣ ಸೀಮೆಯಲ್ಲೂ ಡೋರನ್ನರಿದ್ದರು. ಆಮೇಲೆ ಆಲೂಗಡ್ಡೆ ಕೊಳೆತು ದೇಶಕ್ಕೆ ದೇಶವೇ ಉಪವಾಸ ಬಿದ್ದಾಗ ಹಡಗು ಹತ್ತಿ ಅಮೆರಿಕಕ್ಕೆ, ಆಸ್ಟ್ರೇಲಿಯಕ್ಕೆ ಚೆದುರಿದರು. ಗೋಡೆಯ ನಕಾಶೆಯಲ್ಲಿ ಒಂದೊಂದೇ ಜಾಗ ತೋರಿಸಿ, ಕೊನೆಗೆ ಸಿಕಂದರಾಬಾದಿನ ಮೇಲೆ ಬೆರಳಿಟ್ಟು, ಇಲ್ಲಿಯೂ ಇದ್ದಾರೆ ಎಂದು ಸಿಸ್ಟರ್ ನಗುತ್ತಿದ್ದರು. ವೆಕ್ಸ್‌ಫರ್ಡ್ ಎಂದರೆ ಕಾಜಿಪೇಟೆಯ ಆಚೆಗಿನ ಯಾವುದೋ ಸ್ಟೇಷನ್ನು ಎಂದು ಕಾಶಿನಾಥ ಬಹಳ ದಿನ ತಿಳಿದಿದ್ದ.

"ಡೋರನ್ ಅಂದರೆ ಅರ್ಥ ಏನು?" ಎಂದು ಪೂರ್ವಿ ಕೇಳಿದಳು.

ಊರು ಬಿಟ್ಟವನು, ಬೇರೆ ನೆಲದಿಂದ ಬಂದವನು ಎಂದು ಸಿಸ್ಟರ್ ಹೇಳುತ್ತಿದ್ದರು ಎಂದ. ಪೂರ್ವಿ ಅದನ್ನು ಯಂಕಮ್ಮನಿಗೆ ಕನ್ನಡದಲ್ಲಿ ಹೇಳಿದಳು.

"ಹಂಗಂದ್ರ ಪರದೇಶಿ," ಎಂದಳು ಯಂಕಮ್ಮ. "ನಮ್ಮ ಕಡೆ ತಾಯಿ ತಂದಿ ಇಲ್ಲದ ಕೂಸಿಗೂ ಹಂಗ ಅಂತಾರ."

ಕಾಶಿನಾಥನನ್ನು ಯಾರೋ ಮಳೆಗಾಲದಲ್ಲಿ, ತಿಂಗಳ ಕೂಸಾಗಿದ್ದಾಗ ಬಿಟ್ಟು ಹೋಗಿದ್ದರು. ಅವನನ್ನು ಸಾಕಿದ ಆಯಾ ಬೀದರ ಕಡೆಯವಳು, ಶಿವಗಂಗಾ ಎಂದು. ಕಾಶಿನಾಥ ಎಂದು ಕರೆದವಳು ಅವಳೇ. ನಿನ್ನ ತಾಯಿ ಕನ್ನಡದವಳು ಎಂದು ಅವಳು ಅವನಿಗೆ ಹೇಳಿದ್ದಳು. ಆ ಮನೆ ಮುಚ್ಚಿದ ಮೇಲೆ ಶಿವಗಂಗಾ ಊರಿಗೆ ಹೋಗಿದ್ದಳು, ಎಲ್ಲಿದ್ದಾಳೋ ಅವನಿಗೆ ತಿಳಿಯದು. ಹುಟ್ಟಿದ ವರ್ಷ ಯಂಕಮ್ಮನ ಲೆಕ್ಕಕ್ಕೆ ಸರಿಯಾಗಿ ಕೂಡಿತು.

ಅವತ್ತು ಅವನು ಹೊರಟುಹೋದ. ಆ ವಾರದಲ್ಲೇ ಒಂದು ಸಂಜೆ, ಕೊಡುವುದು ಏನೂ ಇಲ್ಲದೆ, ಅದೇ ಬಾಗಿಲಿಗೆ ಬಂದು ನಿಂತ. ಯಂಕಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪೂರ್ವಿ ಅವನನ್ನು ಒಳಗೆ ಕರೆದಳು. ಅವನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತಿಂದ.

ನೀನು ನನ್ನ ಮಗ ಎಂದು ಅವಳು ಹೇಳಲಿಲ್ಲ, ನೀನು ನನ್ನ ತಾಯಿ ಎಂದು ಅವನೂ ಹೇಳಲಿಲ್ಲ. ಬರುವುದು, ತಿನ್ನುವುದು, ಹೋಗುವುದು ನಡೆಯಿತು. ಇದಕ್ಕೆಲ್ಲ ರಕ್ತದ ಪರೀಕ್ಷೆ ಇರುತ್ತದೆ, ಬೇಕಾದರೆ ನಾನು ವಿಚಾರಿಸುತ್ತೇನೆ ಎಂದು ಪೂರ್ವಿ ಒಮ್ಮೆ ಅವನಿಗೆ ಹೇಳಿದಳು. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ಬೇಡ ಮೇಡಂ ಎಂದ. ಪೂರ್ವಿ ಮತ್ತೆ ಆ ಮಾತೆತ್ತಲಿಲ್ಲ. ಒಂದು ದಿನ ಹೊರಡುವಾಗ ಅವನು ಬಾಗಿಲಲ್ಲಿ ನಿಂತು, ಎಲ್ಲಿಂದಲೋ ಕಲಿತು ತಂದವನಂತೆ, "ಅವ್ವಾ, ಬರ್ತೀನಿ," ಎಂದ. ಯಂಕಮ್ಮ ಹೂಂ ಎಂದಳು. ಅವನು ಹೋದ ಮೇಲೆ ಒಲೆಯ ಮೇಲಿನ ಹಂಚು ಕಾದು ಹೊಗೆ ಎದ್ದರೂ ಅವಳು ಅಲ್ಲೇ ನಿಂತಿದ್ದಳು.

ಆಮೇಲೆ ಅವಳು ಮೂಸಾಪೇಟೆಯ ಅವನ ಮನೆಗೆ ಹೋಗಿ ಇರತೊಡಗಿದಳು. ಪೂರ್ವಿಯ ಮನೆಗೆ ಅಲ್ಲಿಂದಲೇ ಬಂದು ಹೋಗುವಳು. ಅವನ ಹೆಂಡತಿ ಶಿವದೇವಿ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಮಾತ್ರೆ ಡಬ್ಬಿ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು. ನಾರಾಯಣಖೇಡದ ಕಡೆಯವಳು, ಹೆತ್ತ ತಾಯಿ ಇರಲಿಲ್ಲ. ಬಸುರಿಯಾಗಿದ್ದಳು. ಬಸ್ಸಿನಲ್ಲಿ ಕುಲುಕಾಡಿ ಬಂದು ಕಾಲು ಬಾತಿರುತ್ತಿದ್ದವು. ಯಂಕಮ್ಮ ಬಿಸಿನೀರಲ್ಲಿ ಉಪ್ಪು ಹಾಕಿ ಆ ಕಾಲುಗಳನ್ನು ನೆನೆಸುತ್ತಿದ್ದಳು. ಭಾನುವಾರ ಕಾಶಿನಾಥನ ತಲೆಗೆ ಎಣ್ಣೆ ತಿಕ್ಕಿ ಎರೆಯುತ್ತಿದ್ದಳು. ಮೊದಮೊದಲು ಅವನು ನಾಚಿದ. ಬರಬರುತ್ತಾ ತಾನಾಗಿ ಬಂದು ಮಣೆಯ ಮೇಲೆ ಕೂರುತ್ತಿದ್ದ. ಕನ್ನಡ ಕಲಿತ. ತಪ್ಪು ತಪ್ಪಾಗಿ ಆಡುತ್ತಿದ್ದ, ಶಿವದೇವಿ ನಗುತ್ತಿದ್ದಳು.

ಅವನ ಮುಖದಲ್ಲಿ ಯಂಕಮ್ಮ ಹಂಪಯ್ಯನನ್ನು ಹುಡುಕುತ್ತಿದ್ದಳು. ಮೂಗು ಹಾಗಿಲ್ಲ, ಆದರೆ ನಡಿಗೆ ಅದೇ ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಹಂಪಯ್ಯನ ಮುಖ ಅವಳಿಗೇ ಮಸುಕಾಗಿತ್ತು. ಹಾಗಾಗಿ ಹೋಲಿಕೆ ಕಾಣುವುದು ಕಷ್ಟವಾಗಲಿಲ್ಲ.

ಸಿಸ್ಟರ್ ಡೋರನ್ ವಯಸ್ಸಾಗಿ ತಮ್ಮ ವೆಕ್ಸ್‌ಫರ್ಡಿಗೆ ವಾಪಸು ಹೋಗಿ ಅಲ್ಲೇ ತೀರಿಕೊಂಡಿದ್ದರು. ಪ್ರತಿ ವರ್ಷ ಅವರು ತೀರಿಕೊಂಡ ತಿಂಗಳಲ್ಲಿ ಒಂದು ಭಾನುವಾರ ಅವರ ಮಕ್ಕಳೆಲ್ಲ ಸಿಕಂದರಾಬಾದಿನ ಆ ಚರ್ಚಿನ ಅಂಗಳದಲ್ಲಿ ಸೇರುವುದು ವಾಡಿಕೆ. ಪ್ರಾರ್ಥನೆ ಮುಗಿಸಿ ಬೇವಿನ ಮರದ ಕೆಳಗೆ ಒಟ್ಟಿಗೆ ಕೂತು ಊಟ ಮಾಡಿ ಹೋಗುತ್ತಾರೆ. ಆ ವರ್ಷ ಕಾಶಿನಾಥ ಯಂಕಮ್ಮನಿಗೆ ಹೊಸ ಸೀರೆ ತಂದ. ತುಂಬು ಬಸುರಿ ಶಿವದೇವಿಯನ್ನು ಮನೆಯಲ್ಲಿ ಬಿಟ್ಟು ಯಂಕಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದ.

ಎಂಥೆಂಥವರೋ ಬಂದಿದ್ದರು. ಆಟೊ ಓಡಿಸುವ ನರಸಿಂಹ ಡೋರನ್, ಶಾಲೆಯ ಟೀಚರಾಗಿದ್ದ ಒಬ್ಬಳು, ಬ್ಯಾಂಕಿನ ಮುಂದೆ ಕಾವಲು ನಿಲ್ಲುವವನು, ದೂರದ ವರಂಗಲ್ಲಿನಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ನರ್ಸು. ಒಬ್ಬರ ಬಣ್ಣ ಒಬ್ಬರಿಗಿಲ್ಲ, ಒಬ್ಬರ ಚಹರೆ ಒಬ್ಬರಿಗಿಲ್ಲ, ಆದರೆ ಎಲ್ಲರೂ ಡೋರನ್. "ಇವರು ನಮ್ಮ ಅವ್ವ," ಎಂದು ಕಾಶಿನಾಥ ಒಬ್ಬೊಬ್ಬರಿಗೂ ಹೇಳುತ್ತಾ ಹೋದ. ಅಂಗಳದಲ್ಲಿ ಸುದ್ದಿ ಹಬ್ಬಿತು. ಅವರಲ್ಲಿ ಯಾರಿಗೂ ಈವರೆಗೆ ತಾಯಿ ಸಿಕ್ಕಿರಲಿಲ್ಲ. ಬಂದು ಬಂದು ಯಂಕಮ್ಮನ ಕಾಲು ಮುಟ್ಟಿದರು. ನರ್ಸು ಅವಳನ್ನು ಪಕ್ಕಕ್ಕೆ ಕರೆದು, ನಿಮ್ಮ ಜೊತೆ ಕೆಲಸ ಮಾಡುತ್ತಿದ್ದವರಲ್ಲಿ ಹೆಣ್ಣುಮಗು ಬಿಟ್ಟುಹೋದವರು ಯಾರಾದರೂ ಇದ್ದರಾ ಎಂದು ಮೆಲ್ಲಗೆ ಕೇಳಿದಳು. ಇರಲಿಲ್ಲ ಎಂದಳು ಯಂಕಮ್ಮ. ನರ್ಸು ಅವಳ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

ಊಟಕ್ಕೆ ಕೂರುವಾಗ, ನಡುವೆ ಎದ್ದು ಹೋಗಿದ್ದ ನರಸಿಂಹನ ಆಟೊದಲ್ಲಿ ಒಬ್ಬ ಮುದುಕಿ ಬಂದಿಳಿದಳು. ಹಿಂದಿನ ದಿನವೇ ಅವನು ಹುಮನಾಬಾದಿನವರೆಗೆ ಹೋಗಿ ಹುಡುಕಿ ಕರೆತಂದಿದ್ದ, ಎಲ್ಲರಿಗೂ ಆಶ್ಚರ್ಯವಾಗಲೆಂದು. ಶಿವಗಂಗಾ ಆಯಾ. ಅಂಗಳಕ್ಕೆ ಅಂಗಳವೇ ಅವಳ ಸುತ್ತ ಮುಗಿಬಿತ್ತು. ಅವಳು ಒಬ್ಬೊಬ್ಬರ ಕೆನ್ನೆ ಹಿಡಿದು ನೋಡಿ ಹೆಸರು ಹೇಳಿದಳು. ಕಾಶಿನಾಥನನ್ನೂ ಗುರುತು ಹಿಡಿದಳು.

ಜನ ಚೆದುರಿದ ಮೇಲೆ ಯಂಕಮ್ಮ ಅವಳ ಮುಂದೆ ಹೋಗಿ ಕೂತಳು. ಕಾಶಿನಾಥ ಪಕ್ಕದಲ್ಲಿ ನಿಂತಿದ್ದ.

"ನನ್ನ ಗುರುತು ಸಿಗತೈತೇನ್ರಿ ಆಯಾ? ಗಂಡ ಮಾದಾಪುರದಾಗ ಬಿದ್ದು ಸತ್ತಿದ್ದ. ನನಗ ಎದಿರೋಗ ಇತ್ತು. ನಿಮ್ಮ ಕೈಯಾಗ ಕೂಸು ಕೊಟ್ಟು ಹೋಗಿದ್ದೆ."

ಶಿವಗಂಗಾ ಅವಳನ್ನು ದಿಟ್ಟಿಸಿದಳು. ನೆನಪು ಬಂದದ್ದು ಮುಖದಲ್ಲೇ ಕಂಡಿತು. ಯಂಕಮ್ಮ ಕಾಶಿನಾಥನ ಕೈ ಹಿಡಿದು, ನೀವು ಉಳಿಸಿಕೊಟ್ಟ ಕೂಸು ಇಷ್ಟೆತ್ತರ ಆಗಿದೆ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದಳು. ಮುದುಕಿ ಅವನನ್ನು ನೋಡಿದಳು, ಅವಳನ್ನು ನೋಡಿದಳು. ಕುಡಿಯಲು ನೀರು ತಾರಪ್ಪ ಎಂದು ಅವನಿಗೆ ಹೇಳಿದಳು. ಅವನು ಹಿಂದೆಯೇ ಇದ್ದ ಮಡಕೆಯ ಕಡೆ ತಿರುಗಿದ, ಅಷ್ಟೇ.

"ಯವ್ವಾ, ನಿಮ್ಮಣ್ಣ ಬಂದಿದ್ನಲ್ಲ," ಎಂದಳು ಶಿವಗಂಗಾ. "ಅವಗ ಎಲ್ಲಾ ಹೇಳಿ ಕಳಿಸಿದ್ವಿ. ನಿನಗ ಹೇಳಲಿಲ್ಲೇನು?"

"ಏನಂತ ಹೇಳಿದ್ರಿ?"

"ನಿನ್ನ ಕೂಸು ಉಳೀಲಿಲ್ಲ. ಬಂದಾಗಿಂದ ಅದರ ಎದಿ ಗೊರಗೊರ ಅಂತಿತ್ತು. ದವಾಖಾನಿಗೆ ಎತಗೊಂಡು ಅಡ್ಡಾಡಿದ್ವಿ. ಆ ದಸರಾ ನೋಡಲಿಲ್ಲ ಅದು."

ಯಂಕಮ್ಮ ಕಾಶಿನಾಥನ ಕಡೆ ಬೆರಳು ಮಾಡಿದಳು.

"ಇವ ಬ್ಯಾರೆ. ಆ ಮಳಿಗಾಲದಾಗ ಎರಡು ಕೂಸು ಬಂದ್ವು. ಇವನವ್ವ ಗೇಟಿನ ಬಾಜೂಕ ಮಲಗಿಸಿ, ಬಗ್ಗಿ ಏನೋ ಹೇಳಾಕತ್ತಿದ್ಲು, ಕನ್ನಡದಾಗ. ನಾ ದೂರಿಂದ ಕೇಳಿದೆ. ಹೋಗೂದ್ರಾಗ ಇರಲಿಲ್ಲ."

ಕಾಶಿನಾಥ ನೀರಿನ ಲೋಟ ಹಿಡಿದು ನಿಂತಿದ್ದ. ಒಂದು ವರ್ಷದ ಹಿಂದೆಯಾಗಿದ್ದರೆ ಈ ಮಾತು ಅವನಿಗೆ ಅರ್ಥವಾಗುತ್ತಿರಲಿಲ್ಲ. ಈಗ ಒಂದೊಂದು ಶಬ್ದವೂ ಅರ್ಥವಾಯಿತು. ಅವನಿಗೆ ಕನ್ನಡ ಕಲಿಸಿದವಳು ಯಂಕಮ್ಮನೇ.

ಸಿಸ್ಟರ್ ಎದೆರೋಗದ ಆಸ್ಪತ್ರೆಗೂ ಹೋಗಿ ವಿಚಾರಿಸಿದ್ದರಂತೆ. ಯಂಕಮ್ಮನನ್ನು ಊರಿಗೆ ಕರೆದೊಯ್ದಿದ್ದಾರೆ, ಬದುಕುವುದು ಅನುಮಾನ ಎಂದು ಅಲ್ಲಿ ತಿಳಿಯಿತು. ಹೆಸರಿಲ್ಲದೆ ಮಣ್ಣಿಗೆ ಹಾಕಬಾರದೆಂದು ತಂದೆಯ ಹೆಸರನ್ನೇ ಕೂಸಿಗೆ ಇಟ್ಟರು, ಹಂಪಯ್ಯ ಡೋರನ್ ಎಂದು. ಇದನ್ನೆಲ್ಲ ಹೇಳುತ್ತಾ ಮುದುಕಿ ಅಳುತ್ತಿದ್ದಳು. ಯಂಕಮ್ಮ ಅಳಲಿಲ್ಲ. ಅಣ್ಣ ಎಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳೆದುರು ಊಟಕ್ಕೆ ಕೂತಿದ್ದನೋ ಎಂದು ಯೋಚಿಸುತ್ತಿದ್ದಳು. ಎದೆ ಗೊರಗೊರ ಎಂದದ್ದು ಯಾಕೆ ಎಂಬುದೂ ಅವಳಿಗೆ ತಿಳಿದಿತ್ತು. ಬಹಳ ತಡವಾಗಿ ಕೂಸನ್ನು ಮೈಯಿಂದ ದೂರ ಮಾಡಿದ್ದಳು.

ಸ್ಮಶಾನ ದೂರವಿರಲಿಲ್ಲ. ಕಾಶಿನಾಥನೇ ಬೈಕಿನಲ್ಲಿ ಕರೆದೊಯ್ದ. ಚಿಕ್ಕ ಮಕ್ಕಳನ್ನು ಹಿಂದಿನ ಗೋಡೆಯ ಪಕ್ಕ ಹೂಳುತ್ತಿದ್ದರು ಎಂದು ಶಿವಗಂಗಾ ಹೇಳಿದ್ದಳು. ಅಲ್ಲಿ ಗುರುತಿನ ಕಲ್ಲು ಯಾವುದೂ ಉಳಿದಿರಲಿಲ್ಲ. ಹುಲ್ಲು ಬೆಳೆದಿತ್ತು, ಅದರ ಮೇಲೆ ಹೊಸ ಗೋರಿಗಳು ಎದ್ದಿದ್ದವು. ಯಂಕಮ್ಮ ಗೋಡೆಯುದ್ದಕ್ಕೂ ನಡೆದು ಹೋಗಿ, ತಿರುಗಿ ಬಂದು, ಎಲ್ಲಿ ಕೂರುವುದೆಂದು ತಿಳಿಯದೆ ನಿಂತಳು.

ಗಂಡನ ಹೆಸರನ್ನು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಅವನು ಸತ್ತಾಗಲೂ ಆ ಹೆಸರು ಹಿಡಿದು ಅತ್ತಿರಲಿಲ್ಲ. ಮಗನನ್ನು ಒಮ್ಮೆಯಾದರೂ ಕರೆಯಬೇಕೆಂದರೆ ಈಗ ಅದೇ ಹೆಸರು ಹೇಳಬೇಕಿತ್ತು. ಕೊನೆಗೆ ಹೇಳಿದಳು, ಮೆಲ್ಲಗೆ, ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾಗದಂತೆ. "ಹಂಪಯ್ಯಾ." ಆಮೇಲೆ ಹುಲ್ಲಿನ ಮೇಲೆ ಕುಸಿದು ಕೂತು ಗೋಡೆಗೆ ಹಣೆ ಚಚ್ಚತೊಡಗಿದಳು. ಗೇಟಿನ ಬಳಿ ನಿಂತಿದ್ದ ಕಾಶಿನಾಥ ಓಡಿ ಬಂದು ಅವಳ ಹಣೆಗೂ ಗೋಡೆಗೂ ನಡುವೆ ತನ್ನ ಅಂಗೈ ಇಟ್ಟ. ಅವನೂ ಅಳುತ್ತಿದ್ದ. ಆದರೆ ಅವಳ ಮಗನಿಗಾಗಿ ಅಲ್ಲ, ಅದು ಅವಳಿಗೂ ತಿಳಿಯಿತು.

ಮನೆಗೆ ಬಂದವಳು ಬಟ್ಟೆಬರೆ ಗಂಟು ಕಟ್ಟಿಕೊಂಡಳು. ಇರು ಎಂದು ಶಿವದೇವಿ ಕೈ ಹಿಡಿದಳು. ಕಾಶಿನಾಥ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ಏಳಲಿಲ್ಲ. ಯಂಕಮ್ಮ ಕೂಕಟ್‌ಪಲ್ಲಿಗೆ ಹೋದಳು. ಪೂರ್ವಿ ವಿಷಯ ಕೇಳಿ ಅವಳ ಪಕ್ಕ ನೆಲದ ಮೇಲೇ ಕೂತಳು. ಹೊರಗಿನ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟಳು.

ಶಿವದೇವಿಗೆ ಗಂಡುಮಗುವಾಯಿತು. ಆಸ್ಪತ್ರೆಯಿಂದ ಅವಳೇ ಪೂರ್ವಿಯ ಮೊಬೈಲಿಗೆ ಕರೆ ಮಾಡಿದಳು. ಎರೆಯುವವರಿಲ್ಲ, ನೋಡಿಕೊಳ್ಳುವವರಿಲ್ಲ, ನೀನು ಬರದೆ ಇದ್ದರೆ ನಾನೇನು ಮಾಡಲಿ ಎಂದಳು. ಯಂಕಮ್ಮ ಹೋದಳು. ಬಾಣಂತಿಗೆ ಎರೆದಳು, ಅಜವಾನದ ಹೊಗೆ ಹಾಕಿದಳು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ದಳು. ಕೂಸಿನ ಎದೆಗೆ ಕಿವಿಯಿಟ್ಟು ಉಸಿರು ಕೇಳುವುದು ಅವಳಿಗೆ ರೂಢಿಯಾಯಿತು. ಕಾಶಿನಾಥ ಮರ್ಯಾದೆಯಿಂದ ಇದ್ದ. ಬೇಕಾದದ್ದು ತಂದುಕೊಡುತ್ತಿದ್ದ. ಆದರೆ ಅವನು ಮತ್ತೆ ತೆಲುಗಿಗೆ ತಿರುಗಿದ್ದ. ಅಮ್ಮಾ, ನೀವು ಎನ್ನುತ್ತಿದ್ದ, ಮಾತ್ರೆ ಕೊಡಲು ಹೋದ ಮನೆಗಳಲ್ಲಿ ಯಾವ ಹೆಂಗಸಿಗಾದರೂ ಅನ್ನುವ ಹಾಗೆ. ಭಾನುವಾರ ತಾನೇ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಶಿವದೇವಿ ಮಲಗಿದ್ದಾಗ ಅವನು ಕೆಲಸದ ನಡುವೆ ಮನೆಗೆ ಬಂದ. ಯಂಕಮ್ಮ ಕೂಸಿನ ಬಟ್ಟೆ ಮಡಚುತ್ತಿದ್ದಳು. ಎದುರಿಗೆ ಕೂತು, ಕೂಸಿನ ಕಡೆಯೇ ನೋಡುತ್ತಾ ಕೇಳಿದ.

"ಗೇಟಿನ ಹತ್ತಿರ ಬಿಡುವಾಗ ನೀವು ನಿಮ್ಮ ಕೂಸಿಗೆ ಏನು ಹೇಳಿದಿರಿ?"

ಯಾಕೆ ಕೇಳುತ್ತಿದ್ದಾನೆ ಎಂಬುದು ಅವಳಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ಅಳಬ್ಯಾಡ, ಹಾಲು ಕೊಡ್ತಾರ, ಕುಡಿ ಅಂದೆ. ಮತ್ತ ಬರ್ತೀನಿ ಅಂದೆ."

"ನನ್ನನ್ನು ಬಿಟ್ಟುಹೋದವರೂ ಅದನ್ನೇ ಹೇಳಿರಬಹುದಾ?"

"ಬ್ಯಾರೆ ಏನು ಹೇಳ್ತಾರಪ್ಪ. ಅದನ್ನ ಹೇಳಿರತಾಳ."

"ತಿರುಗಿ ನೋಡಿದಿರಾ?"

"ಇಲ್ಲ. ನೋಡಿದ್ದರ ಹೋಗಾಕ ಆಗತಿರಲಿಲ್ಲ."

ಅವನು ಕೂಸಿನ ಹೊದಿಕೆ ಸರಿಮಾಡಿದ. ಏಳಲು ಹೊರಟಾಗ ಅವಳು ಕೇಳಿದಳು. ಇಷ್ಟು ದಿನ ಕೇಳಬೇಕೆಂದು ಬಾಯಿವರೆಗೆ ಬಂದು ನುಂಗಿಕೊಂಡ ಮಾತು ಅದು.

"ಅಲ್ಲಿ ಕೂಸು ರಾತ್ರಿ ಅತ್ತರ ಎತಗೊಂತಿದ್ರೇನು?"

ಸಾಲು ತೊಟ್ಟಿಲುಗಳಿದ್ದ ಆ ದೊಡ್ಡ ಕೋಣೆ ಕಾಶಿನಾಥನಿಗೆ ನೆನಪಿತ್ತು. ದೊಡ್ಡವನಾದ ಮೇಲೂ ಅವನು ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದ. ಅಷ್ಟು ತೊಟ್ಟಿಲಿಗೆ ರಾತ್ರಿ ಒಬ್ಬಳೇ ಆಯಾ. ಅತ್ತು ಅತ್ತು ತಾನೇ ಸುಮ್ಮನಾಗುವ ಕೂಸುಗಳ ಸದ್ದು ಅವನು ವರ್ಷಗಟ್ಟಲೆ ಕೇಳಿದ್ದ.

"ಎತ್ತಿಕೊಳ್ಳುತ್ತಿದ್ದರು," ಎಂದ. "ಯಾವಾಗಲೂ ಎತ್ತಿಕೊಳ್ಳುತ್ತಿದ್ದರು."

ಯಂಕಮ್ಮ ತಲೆಯಾಡಿಸಿ ಬಟ್ಟೆ ಮಡಚತೊಡಗಿದಳು. ಅವನು ಬೈಕು ಹತ್ತಿ ಹೋದ.

ಶಿವದೇವಿ ಮತ್ತೆ ಕೆಲಸಕ್ಕೆ ಹೋಗುವ ಹೊತ್ತಿಗೆ ಕಾಶಿನಾಥನಿಗೆ ಪಟಾನ್‌ಚೆರುವಿನ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಕಾರ್ಖಾನೆಗೂ ಹತ್ತಿರವೆಂದು ಅಲ್ಲೇ ಮನೆ ಮಾಡಿದರು. ಸಾಮಾನು ಸಾಗಿಸುವ ದಿನ ಯಂಕಮ್ಮ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟಿದಳು. ನರಸಿಂಹ ಆಟೊ ತಂದಿದ್ದ. ಎಲ್ಲ ಏರಿಸಿದ ಮೇಲೆ ಕಾಶಿನಾಥ ಅವಳ ಮುಂದೆ ಬಂದು ನಿಂತು, ನೀವೂ ಬನ್ನಿ ಅಮ್ಮಾ, ಅಲ್ಲಿ ಒಂದು ಕೋಣೆ ಹೆಚ್ಚಿಗೆ ಇದೆ ಎಂದ.

ಮನಸ್ಸಿನಿಂದಲೇ ಕರೆದಿದ್ದ, ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಪೂರ್ವಿಯ ಮನೆ ಕೆಲಸ ಇದೆಯಲ್ಲ, ದೂರವಾಗುತ್ತದೆ ಎಂದಳು. ಅವನು ಇನ್ನೊಮ್ಮೆ ಕರೆಯುತ್ತಾನೇನೋ ಎಂದು ಸ್ವಲ್ಪ ಹೊತ್ತು ನಿಂತಿದ್ದಳು. ಅವನು ಕರೆಯಲಿಲ್ಲ. ಒಳಗೆ ಕೂತಿದ್ದ ಶಿವದೇವಿ ಕೂಸಿನ ಕೈ ಹಿಡಿದು ಆಡಿಸಿದಳು. ಆಟೊ ತಿರುವಿನವರೆಗೆ ಹೋಗಿ, ಮೆಟ್ರೊ ಕಂಬಗಳ ಕೆಳಗಿನ ವಾಹನಗಳಲ್ಲಿ ಸೇರಿಕೊಂಡಿತು. ಯಂಕಮ್ಮ ಖಾಲಿ ಮನೆಯನ್ನು ಗುಡಿಸಿ, ಬೀಗ ಹಾಕಿ, ಕೀಲಿಯನ್ನು ಮನೆ ಒಡೆಯನಿಗೆ ಕೊಟ್ಟು, ಸಂಜೆಯ ಅಡುಗೆಗೆ ಹೊತ್ತಾಯಿತೆಂದು ಕೂಕಟ್‌ಪಲ್ಲಿಯ ಬಸ್ಸು ಹಿಡಿದಳು.